ಘಾಟಿನದಲ್ಲದ ಕೆಮ್ಮು

ಬ್ಯಾಡಗಿ
೨೩ ಜನವರಿ ೨೦೨೫

ಪದ್ಮಜಾ ಮೇಡಂ ಅವರಿಗೆ ನಮಸ್ಕಾರ.

ಬಳಸಿದ ಆರು ಚಿಪ್‌ಗಳನ್ನು ಈ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇನೆ. ಪ್ರತಿ ಡಬ್ಬಿಯ ಜೊತೆ ಕೈಬರಹದ ಒಂದು ಹಾಳೆ ಇರಬೇಕೆಂದು ತಾವು ಹೇಳಿ ಹೋಗಿದ್ದಿರಿ. ಎಷ್ಟು ಬರೆಯಬೇಕೆಂದು ಹೇಳಲಿಲ್ಲ, ಆದ್ದರಿಂದ ಸ್ವಲ್ಪ ಹೆಚ್ಚೇ ಬರೆಯುತ್ತಿದ್ದೇನೆ.

ತಾವು ಹೈದರಾಬಾದಿನಿಂದ ಬಂದು ಯಂತ್ರ ಕೂಡಿಸಿದ ಎರಡು ದಿನ ನಾನು ಬಾಯಿ ಬಿಡಲಿಲ್ಲ, ಹೆಸರಾದರೂ ನೆನಪಿದೆಯೋ ಇಲ್ಲವೋ. ನಾನು ಫರ್ಹಾನಾ. ಈ ಧರ್ಮಾರ್ಥ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆ ಮೋಟೆಬೆನ್ನೂರಿನಲ್ಲಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ.

ಯಂತ್ರ ಚೆನ್ನಾಗಿ ನಡೆಯುತ್ತಿದೆ. ಊಟದ ಡಬ್ಬಿಯಷ್ಟು ಸಾಮಾನು ಕ್ಷಯದ ಕ್ರಿಮಿಯ ಡಿಎನ್ಎ ಓದಿ, ಯಾವ ಔಷಧಿಗೆ ಅದು ಜಗ್ಗುವುದಿಲ್ಲವೆಂದು ಒಂದೇ ದಿನದಲ್ಲಿ ಹೇಳುತ್ತದೆಂದರೆ ಇಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಡಾಕ್ಟರ್ ವಿಜಯಮಹಾಂತೇಶ ಅವರು "ನೋಡೂಣು" ಎಂದಷ್ಟೇ ಹೇಳಿದರು. ಕಫವನ್ನು ಮೊದಲು ಬಿಸಿಗೆ ಹಿಡಿದು ಕ್ರಿಮಿ ಸಾಯಿಸಿ, ಕೊಳವೆಯಲ್ಲಿ ಹಾಕಿ ಮುಚ್ಚಳ ಹಾಕುವುದಷ್ಟೇ ನನ್ನ ಕೆಲಸ. ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ.

ಒಂದು ತೊಂದರೆ ಇದೆ. ಇದು ಮೆಣಸಿನಕಾಯಿ ಸುಗ್ಗಿ. ಕಿಟಕಿ ಮುಚ್ಚಿದರೂ ಕೆಂಪು ಧೂಳು ಯಂತ್ರದ ಫ್ಯಾನಿನೊಳಗೆ ಕೂಡುತ್ತದೆ. ನನ್ನ ಹಳೇ ಓಢಣಿಯನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದೇನೆ. ತಪ್ಪಾಗಿದ್ದರೆ ತಿಳಿಸಿರಿ.

ತಾವು ನಮ್ಮೂರನ್ನು ಯಾಕೆ ಆರಿಸಿದಿರೋ ಗೊತ್ತಿಲ್ಲ, ಆದರೆ ಸರಿಯಾಗಿಯೇ ಆರಿಸಿದ್ದೀರಿ. ಇಲ್ಲಿ ಗೋದಾಮುಗಳಲ್ಲಿ ನೂರಾರು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಎಲ್ಲರೂ ಕೆಮ್ಮುತ್ತಾರೆ, ಎಲ್ಲರೂ ಅದನ್ನು ಘಾಟು ಎನ್ನುತ್ತಾರೆ. ಎರಡು ವರ್ಷದ ಹಿಂದೆ ಒಬ್ಬಾಕೆ ಘಾಟು ಘಾಟು ಎನ್ನುತ್ತಲೇ ತೀರಿಕೊಂಡಳು. ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ಒಂದು ತಗಡಿನ ಶೆಡ್ಡಿಗೆ ಹೋಗುತ್ತೇನೆ. ಸುಮ್ಮನೆ ಕೂತರೆ ಯಾರೂ ಮಾತಾಡುವುದಿಲ್ಲ, ಅದಕ್ಕೆ ನಾನೂ ತೊಟ್ಟು ಬಿಡಿಸುತ್ತ ಕೂಡುತ್ತೇನೆ. ಹೀಗೆ ಮಾತಾಡಿ ಮಾತಾಡಿ ಕಫ ಕೊಡಲು ಒಪ್ಪಿಸುತ್ತೇನೆ.

ಇತಿ,
ಫರ್ಹಾನಾ


ಹೈದರಾಬಾದ್
೫ ಫೆಬ್ರುವರಿ ೨೦೨೫

ಫರ್ಹಾನಾ ಅವರೇ,

ಹಾಳೆ ತಲುಪಿತು. ಈ ಯಂತ್ರವನ್ನು ಪ್ರಯೋಗಕ್ಕಿಟ್ಟ ಉಳಿದ ಎರಡು ಊರುಗಳಿಂದ ಬರುವ ಹಾಳೆಗಳಲ್ಲಿ "ಎಲ್ಲಾ ಸರಿ" ಎಂದಷ್ಟೇ ಇರುತ್ತದೆ. ನಿಮ್ಮದನ್ನು ನಮ್ಮ ಪ್ರಯೋಗಾಲಯದಲ್ಲಿ ಓದಿ ಹೇಳಿದೆ. ಓಢಣಿ ಇರಲಿ, ಆದರೆ ದಿನಾ ಬದಲಿಸಿ. ದಿನಕ್ಕೆ ಮೂರು ಸಲ ಕೋಣೆಯ ಶಾಖ ಬರೆದಿಡಿ.

ನಾನೂ ಹಾವೇರಿಯವಳೇ. ಅಪ್ಪ ಚನ್ನಬಸಪ್ಪ ಅಲ್ಲಿ ವಕೀಲರು. ಬ್ಯಾಡಗಿಯನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ, ಆದರೆ ವರದಿಯಲ್ಲಿ ಹಾಗೆ ಬರೆಯಲಿಲ್ಲ.

ನಾನು ಡಾಕ್ಟರಲ್ಲ, ಯಂತ್ರ ಕಟ್ಟುವವಳು. ಒಂಬತ್ತು ವರ್ಷ ಈ ಡಬ್ಬಿಯ ಹಿಂದೆ ಹೋಗಿದೆ. ಮೊದಲು ಇದೇ ಕೆಲಸಕ್ಕೆ ಕಪಾಟಿನಷ್ಟು ದೊಡ್ಡ ಯಂತ್ರ, ತಣ್ಣನೆಯ ಕೋಣೆ, ನಾಲ್ಕೈದು ಜನ ಪರಿಣತರು ಬೇಕಿತ್ತು. ಈಗ ಬಳಸಿದ ಚಿಪ್ಪನ್ನೂ ತೊಳೆದು ಐದು ಸಲ ಓಡಿಸುತ್ತೇವೆ, ಸಣ್ಣ ಆಸ್ಪತ್ರೆಗೂ ಎಟುಕಲಿ ಎಂದು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಡಿಎನ್ಎ ಎಳೆ ಅದರೊಳಗಿಂದ ಹಾಯುವಾಗ ವಿದ್ಯುತ್ತು ಒಂದಿಷ್ಟು ಏರಿಳಿಯುತ್ತದೆ. ಆ ಏರಿಳಿತವನ್ನು ನೋಡಿ ಯಂತ್ರ ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಯಾವುದು ಹಾದುಹೋಯಿತೆಂದು ಗುರುತಿಸುತ್ತದೆ.

ಒಂದು ಮಾತು. ಹಾಳೆಯಲ್ಲಿ ರೋಗಿಗಳ ಹೆಸರು ಬರೆಯಬೇಡಿ. ಸಂಖ್ಯೆ, ವಯಸ್ಸು, ಊರು, ಫಾರಂನಲ್ಲಿರುವಷ್ಟು ಸಾಕು.

ಪದ್ಮಜಾ


ಬ್ಯಾಡಗಿ
೨೦ ಫೆಬ್ರುವರಿ ೨೦೨೫

ಪದ್ಮಜಾ ಮೇಡಂ,

ಹೆಸರು ಬರೆಯಬೇಡಿ ಎಂದಿದ್ದೀರಿ. ಹನ್ನೊಂದನೇ ಮಾದರಿಯವಳ ಹೆಸರು ಭರಮವ್ವ. ಬರೆಯದೆ ಇರಲು ಆಗುತ್ತಿಲ್ಲ, ಕ್ಷಮಿಸಿರಿ.

ಭರಮವ್ವನಿಗೆ ಐವತ್ತೆರಡು ವರ್ಷ, ಊರು ಗುತ್ತಲ. ಸುಗ್ಗಿಯಲ್ಲಿ ಬ್ಯಾಡಗಿಯ ತಂಗಿಯ ಮನೆಯಲ್ಲಿದ್ದುಕೊಂಡು ಶೆಡ್ಡಿಗೆ ಬರುತ್ತಾಳೆ, ಐತವಾರ ಶೆಡ್ಡಿಗೆ ರಜೆ, ಊರಿಗೆ ಹೋಗುತ್ತಾಳೆ. ಅಲ್ಲಿ ಮಗಳು ಶಿಲ್ಪಾ ಮತ್ತು ಮೂರು ವರ್ಷದ ಮೊಮ್ಮಗಳು ಇದ್ದಾರೆ. ನವೆಂಬರಿನಲ್ಲಿ ತಾನಾಗಿಯೇ ಪರೀಕ್ಷೆಗೆ ಬಂದವಳು ಇವಳೊಬ್ಬಳೇ. "ಇದು ಘಾಟಲ್ಲ ಯವ್ವಾ. ಘಾಟ ಆಗಿದ್ರ ಐತವಾರ ಕೆಮ್ಮು ನಿಲ್ಲಬೇಕಿತ್ತು" ಎಂದಳು. ಹದಿನಾರು ವರ್ಷ ಕಫ ನೋಡಿದ ನನಗೆ ಇದು ಹೊಳೆದಿರಲಿಲ್ಲ.

ಎಲ್ಲ ಕಡೆ ಮಾಡುವ, ಎರಡು ತಾಸಿನಲ್ಲಿ ಉತ್ತರ ಬರುವ ಲಗೂ ಪರೀಕ್ಷೆಯಲ್ಲಿ ಸಾಧಾರಣ ಕ್ಷಯ ಎಂದು ಬಂತು. ಆ ಪರೀಕ್ಷೆ ಒಂದೇ ಔಷಧಿಯನ್ನು ನೋಡುತ್ತದೆ, ತಮಗೆ ಗೊತ್ತು. ಡಿಸೆಂಬರಿನಿಂದ ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದ್ದಾಳೆ. ಆದರೂ ಇಳಿಯುತ್ತಲೇ ಇದ್ದಾಳೆ, ಮೇಲಾಗಿ ಸಕ್ಕರೆ ಕಾಯಿಲೆ ಬೇರೆ. ಈಗ ನಿಮ್ಮ ಯಂತ್ರ ಹೇಳುತ್ತದೆ: ಐಸೋನಿಯಾಜಿಡ್ ಎಂಬ ಗುಳಿಗೆಗೆ ಇವಳ ಕ್ರಿಮಿ ಜಗ್ಗುವುದಿಲ್ಲ.

ಪ್ರಯೋಗದಲ್ಲಿರುವ ಯಂತ್ರದ ಮಾತಿನ ಮೇಲೆ ಔಷಧಿ ಬದಲಿಸಲು ಬರುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಕಫವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದ್ದೇವೆ, ಅದು ಬೆಳೆದು ಉತ್ತರ ಬರಲು ಎರಡು ತಿಂಗಳು ಬೇಕು. ನಾನು ಬಹಳ ಕೇಳಿಕೊಂಡಾಗ ಅವರು, ಯಂತ್ರ ಮಾಡಿದವರು ಈ ಫಲಿತಾಂಶ ನಂಬಬಹುದೆಂದು ಸಹಿ ಮಾಡಿ ಕೊಟ್ಟರೆ ಜಿಲ್ಲೆಯ ಹಿರಿಯ ವೈದ್ಯರೊಡನೆ ಮಾತಾಡುವುದಾಗಿ ಒಪ್ಪಿದ್ದಾರೆ. ಒಂದು ಪುಟದ ಕಾಗದ ಸಾಕು. ಕಳಿಸುತ್ತೀರಾ?

ನನ್ನ ತಾಯಿ ಮಕ್ತುಮಬಿಗೆ ಕಣ್ಣು ಕಾಣುವುದಿಲ್ಲ. ತಸಬಿಯ ಮಣಿ ಎಣಿಸುವಾಗ ಯಾವುದು ಸವೆದದ್ದು, ಯಾವುದು ಒಡೆದದ್ದು ಎಂದು ಬೆರಳಿಗೇ ಗೊತ್ತಾಗುತ್ತದೆ. ನಿಮ್ಮ ಚಿಪ್ಪಿನ ರಂಧ್ರವೂ ಹಾಗೆಯೇ ಎಂದು ಭರಮವ್ವನಿಗೆ ಹೇಳಿದೆ. ಆಕೆಗೆ ತಿಳಿಯಿತು. ಡಾಕ್ಟರಿಗೆ ಹೇಗೆ ಹೇಳಲಿ ಎಂಬುದು ನನಗೆ ತಿಳಿಯುತ್ತಿಲ್ಲ.

ಫರ್ಹಾನಾ


ಹೈದರಾಬಾದ್
೪ ಮಾರ್ಚ್ ೨೦೨೫

ಫರ್ಹಾನಾ ಅವರೇ,

ಹನ್ನೊಂದನೇ ಮಾದರಿಯ ದತ್ತಾಂಶ ನೋಡಿದೆ. ಕ್ರಿಮಿ ಆ ಗುಳಿಗೆಗೆ ಜಗ್ಗದಂತೆ ಮಾಡುವ ಅಕ್ಷರದ ಜಾಗವನ್ನು ಯಂತ್ರ ಇನ್ನೂರ ಹನ್ನೆರಡು ಸಲ ಓದಿದೆ, ಇನ್ನೂರ ಒಂಬತ್ತು ಸಲ ಅದೇ ಅಕ್ಷರ ಬಂದಿದೆ.

ಆದರೆ ಕಾಗದ ಕೊಡಲು ನನಗೆ ಅಧಿಕಾರವಿಲ್ಲ. ಯಂತ್ರಕ್ಕೆ ಇನ್ನೂ ಮಂಜೂರಾತಿ ಸಿಕ್ಕಿಲ್ಲ. ಒಬ್ಬ ರೋಗಿಯ ಚಿಕಿತ್ಸೆ ಇದರ ಮೇಲೆ ನಿಂತು ಏನಾದರೂ ಹೆಚ್ಚುಕಡಿಮೆಯಾದರೆ ಇಡೀ ಯೋಜನೆ ನಿಂತುಹೋಗುತ್ತದೆ. ಕಲ್ಚರಿನ ಉತ್ತರ ಬರುವವರೆಗೆ ಕಾಯುವುದು ಸರಿಯಾದ ಕ್ರಮ. ನಿಮ್ಮ ಕಳಕಳಿ ಅರ್ಥವಾಗುತ್ತದೆ.

ಶಾಖದ ಪಟ್ಟಿಯಲ್ಲಿ ಮಧ್ಯಾಹ್ನ ಮೂವತ್ತೆಂಟು ಎಂದು ಬರೆದಿದ್ದೀರಿ. ಇನ್ನು ಮುಂದೆ ಬೆಳಿಗ್ಗೆ ಹತ್ತರೊಳಗೆ ಯಂತ್ರ ಓಡಿಸಿ.

ಪದ್ಮಜಾ


ಬ್ಯಾಡಗಿ
೨೪ ಮಾರ್ಚ್ ೨೦೨೫

ಪದ್ಮಜಾ ಮೇಡಂ ಅವರಿಗೆ,

೧೫ರಿಂದ ೧೯ರವರೆಗಿನ ಚಿಪ್‌ಗಳು ಇದರಲ್ಲಿವೆ. ಹದಿನಾರು: ವಯಸ್ಸು ಮೂವತ್ತು, ಅಗಡಿ. ಹತ್ತೊಂಬತ್ತು: ವಯಸ್ಸು ನಲವತ್ತೊಂದು, ಮೋಟೆಬೆನ್ನೂರು. ಹತ್ತೊಂಬತ್ತನ್ನು ಬೇಗ ನೋಡಲು ಸಾಧ್ಯವೇ?

ಹನ್ನೊಂದನೆಯವಳು ಈಗ ಶೆಡ್ಡಿಗೆ ಬರುತ್ತಿಲ್ಲ, ಗುತ್ತಲಕ್ಕೆ ಹೋಗಿದ್ದಾಳೆ. ಕಲ್ಚರಿನ ಉತ್ತರ ಬಂದಿಲ್ಲ.

ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿರಿ. ಬಿಸಿಲು ಹೆಚ್ಚಾಗಿದೆ.

ಫರ್ಹಾನಾ


ಹೈದರಾಬಾದ್
೭ ಏಪ್ರಿಲ್ ೨೦೨೫

ಫರ್ಹಾನಾ ಅವರಿಗೆ,

ಬೇಸರದ ವಿಷಯ ಬರೆಯಬೇಕಾಗಿದೆ.

ಮಾದರಿ ೧೧, ೧೬ ಮತ್ತು ೧೯. ಹೋಲಿಸಲು ಸಿಕ್ಕ ನಲವತ್ತು ಲಕ್ಷ ಅಕ್ಷರಗಳಲ್ಲಿ ೧೧ ಮತ್ತು ೧೬ಕ್ಕೆ ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ೧೯ರಲ್ಲಿ ಒಂದೇ ಒಂದು ಅಕ್ಷರ ಬೇರೆ, ಅದು ಯಂತ್ರದ ತಪ್ಪಿರಬಹುದು. ಗುತ್ತಲ, ಅಗಡಿ, ಮೋಟೆಬೆನ್ನೂರು. ಮೂರು ಬೇರೆ ಬೇರೆ ಊರಿನ ಮೂವರಲ್ಲಿ ಹೀಗಾಗಲು ಸಾಧ್ಯವಿಲ್ಲ. ಒಂದು ಕೊಳವೆಯ ಕಫ ಇನ್ನೊಂದಕ್ಕೆ ತಾಗಿದೆ, ಅಥವಾ ಕೈಗವಸು ಬದಲಾಗಿಲ್ಲ. ಧೂಳು, ಸೆಕೆ, ಒಬ್ಬರೇ ಕೆಲಸ ಮಾಡುವುದು, ಎಲ್ಲವೂ ನನಗೆ ಗೊತ್ತು. ಇದನ್ನು ದೂರೆಂದು ತಿಳಿಯಬೇಡಿ.

ಆದರೂ ಬ್ಯಾಡಗಿಯ ಎಲ್ಲ ಮಾದರಿಗಳನ್ನು "ಕಲಬೆರಕೆ" ಎಂದು ಗುರುತಿಸಿ ವರದಿಯಿಂದ ತೆಗೆದಿದ್ದೇನೆ. ತಿಂಗಳ ಕೊನೆಗೆ ನಮ್ಮವರು ಬಂದು ಯಂತ್ರವನ್ನು ವಾಪಸು ತರುತ್ತಾರೆ. ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ.

ಪದ್ಮಜಾ


ಮೋಟೆಬೆನ್ನೂರು
೧೭ ಏಪ್ರಿಲ್ ೨೦೨೫

ಪದ್ಮಜಾ ಅವರಿಗೆ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಮೂರು ಸಲ ಬರೆದು ಹರಿದಿದ್ದೇನೆ.

ಹತ್ತೊಂಬತ್ತು ನಾನು.

ರಂಜಾನ್ ಶುರುವಾದ ಮೇಲೆ ಎರಡು ವಾರ ಶೆಡ್ಡಿಗೆ ಹೋಗಿರಲಿಲ್ಲ. ಆದರೂ ಕೆಮ್ಮು ನಿಲ್ಲಲಿಲ್ಲ. ಆಗ ಭರಮವ್ವನ ಮಾತು ನೆನಪಾಯಿತು. ಒಂದು ಮುಂಜಾನೆ ಯಾರಾದರೂ ಬರುವ ಮುಂಚೆ ನನ್ನ ಕಫ ನಾನೇ ತೆಗೆದು, ಸಂಖ್ಯೆ ಹಾಕಿದೆ. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಪ್ರಯೋಗಾಲಯದಿಂದ ಹೊರಗಿಡುತ್ತಾರೆ, ಹೊರಗಿಟ್ಟರೆ ಯಂತ್ರ ನಡೆಸುವವರಿಲ್ಲ, ಭರಮವ್ವನ ಪರವಾಗಿ ಮಾತಾಡುವವರೂ ಇಲ್ಲ ಎಂದುಕೊಂಡೆ. ಇದು ಅರ್ಧ ಖರೆ. ಇನ್ನರ್ಧ, ನನಗೆ ನಾಚಿಕೆಯಾಯಿತು. ಮಂದಿಗೆಲ್ಲಾ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರೆಂದು ಹೇಳಿದವಳು ಶೆಡ್ಡಿನಲ್ಲಿ ಮಾತಿಗೆ ಅಡ್ಡಿಯಾಗುತ್ತದೆಂದು ನನ್ನದನ್ನೇ ಬಿಚ್ಚಿಡುತ್ತಿದ್ದೆ. ಮನೆಯಲ್ಲಿ ಈಗ ತಾಯಿಯಿಂದ ದೂರ, ಹೊರಗಿನ ಕಟ್ಟೆಯ ಮೇಲೆ ಮಲಗುತ್ತೇನೆ. ಸೆಕೆ ಎಂದು ಹೇಳಿದ್ದೇನೆ.

ಈಗ ಕಲಬೆರಕೆಯ ಮಾತು. ಭರಮವ್ವನ ಕೊಳವೆ ಫೆಬ್ರುವರಿಯಲ್ಲೇ ಮುಗಿದು ಸುಟ್ಟುಹೋಗಿದೆ. ನನ್ನ ಮಾದರಿ ಮಾಡಿದ್ದು ಮಾರ್ಚ್ ಇಪ್ಪತ್ತೊಂದಕ್ಕೆ, ಹೊಸ ಚಿಪ್ಪಿನಲ್ಲಿ. ಇಲ್ಲದ ಕಫ ಹೇಗೆ ಸಿಡಿಯುತ್ತದೆ? ಸಿಡಿದಿದ್ದೇ ಖರೆಯಾದರೆ, ಬೇರೆಯಾದ ಆ ಒಂದು ಅಕ್ಷರ ಎಲ್ಲಿಂದ ಬಂತು? ಅದು ಯಂತ್ರದ ತಪ್ಪೋ ಅಲ್ಲವೋ ಎಂದು ನೀವು ನೋಡಿದಿರಾ, ಇಲ್ಲ ಇರಬಹುದು ಎಂದುಕೊಂಡಿರಾ?

ಊರು ಮೂರಾದರೂ ನಾವು ಮೂವರೂ ಕೂಡುವ ಜಾಗ ಒಂದೇ. ಹದಿನಾರನೆಯವಳಾದ ಅಗಡಿಯ ಕೈಸರ ಭರಮವ್ವನ ಬಲಕ್ಕೆ ಕೂಡುತ್ತಾಳೆ, ಗುರುವಾರ ನಾನು ಎಡಕ್ಕೆ. ಧೂಳು ಹಾರಬಾರದೆಂದು ಶೆಡ್ಡಿನ ಕಿಟಕಿಗೆ ತಗಡು ಬಡಿದಿದ್ದಾರೆ. ನಿಮ್ಮ ಫಾರಂ ಊರು ಕೇಳಿತು, ಎಲ್ಲಿ ಕೂತು ದುಡಿಯುತ್ತೀರಿ ಎಂದು ಕೇಳಲಿಲ್ಲ.

ನಿಮ್ಮ ಯಂತ್ರ ಸರಿಯಾಗಿಯೇ ಓದಿದೆ. ಒಬ್ಬರಿಂದ ಒಬ್ಬರಿಗೆ ದಾಟಿದ್ದನ್ನು ಅದು ಹಿಡಿದುಕೊಟ್ಟಿತು, ನೀವು ಅದನ್ನು ನನ್ನ ಕೈಯ ಹೊಲಸು ಎಂದಿರಿ.

ಫರ್ಹಾನಾ


ಹೈದರಾಬಾದ್
೨೩ ಏಪ್ರಿಲ್ ೨೦೨೫

ಫರ್ಹಾನಾ,

ನಿಮ್ಮ ಪತ್ರ ಓದಿದ ದಿನವೇ ಚಿಪ್ ತೊಳೆಯುವ ಮುಂಚೆ ತೆಗೆದಿಟ್ಟಿದ್ದ ಮೂರೂ ಮಾದರಿಗಳ ಡಿಎನ್ಎಯನ್ನು ಇಲ್ಲಿಯ ದೊಡ್ಡ ಯಂತ್ರಕ್ಕೆ ಹಾಕಿದೆ. ಎರಡು ದಿನ ಹಿಡಿಯಿತು. ಆ ಒಂದು ಅಕ್ಷರ ನಿಜವಾದದ್ದು, ಯಂತ್ರದ ತಪ್ಪಲ್ಲ. ಕ್ರಿಮಿ ನಿಮ್ಮೊಳಗೆ ಬಂದ ಮೇಲೆ ಬದಲಾದದ್ದು.

ಅದನ್ನು ಮೊದಲೇ ನೋಡಬಹುದಿತ್ತು, ನೋಡಲಿಲ್ಲ. ಯಾಕೆಂದು ನಿಮಗೆ ಹೇಳಬೇಕು. ಮಾರ್ಚಿನಲ್ಲಿ ಇನ್ನೊಂದು ಊರಿನ ಯಂತ್ರ ಸೆಕೆಗೆ ತಪ್ಪು ಓದತೊಡಗಿತ್ತು. ಈ ಸುದ್ದಿಯನ್ನು ನಿಮಗೆ ಬರೆದಿರಲಿಲ್ಲ. ಜೂನಿನಲ್ಲಿ ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನವಾಗುವುದಿತ್ತು. ಬ್ಯಾಡಗಿಯ ಫಲಿತಾಂಶ ವಿಚಿತ್ರವಾಗಿ ಕಂಡಾಗ ತಪ್ಪು ಯಂತ್ರದ್ದಾಗಿರದೆ ಯಾರದಾದರೂ ಕೈಯದಾಗಿದ್ದರೆ ಒಳ್ಳೆಯದು ಎಂದು ನನಗೆ ಅನಿಸಿತು. ಹಾಗೆ ಅನಿಸಿದ್ದು ಆ ಹೊತ್ತಿಗೆ ಗೊತ್ತಾಗಲಿಲ್ಲ, ಈಗ ಗೊತ್ತಾಗಿದೆ. ಶೆಡ್ಡಿನಲ್ಲಿ ಕೂಡುವುದನ್ನು ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಅದನ್ನು ನಾನು ಓದಿ ಎಲ್ಲರಿಗೂ ಹೇಳಿದ್ದೆ, ಬಹಳ ಚೆನ್ನಾಗಿ ಬರೆಯುತ್ತಾರೆ ಎಂದು.

ವರದಿ ಹಿಂತೆಗೆದುಕೊಂಡು ಕಾರಣವನ್ನು ನನ್ನ ಹೆಸರಿನಲ್ಲಿ ಬರೆದುಕೊಟ್ಟಿದ್ದೇನೆ. ಯಂತ್ರ ಬ್ಯಾಡಗಿಯಲ್ಲೇ ಇರುತ್ತದೆ. ಭರಮವ್ವ, ಕೈಸರ, ನೀವು, ಮೂವರ ಫಲಿತಾಂಶವೂ ನಂಬತಕ್ಕದ್ದು ಎಂಬ ಕಾಗದ ಸಹಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಅಧಿಕಾರ ಈಗಲೂ ಇಲ್ಲ, ಆದರೂ ಮಾರ್ಚಿನಲ್ಲೇ ಕೊಡಬೇಕಿತ್ತು.

ಇವತ್ತೇ ಡಾಕ್ಟರಿಗೆ ನಿಮ್ಮ ವಿಷಯ ಹೇಳಿ. ದಯವಿಟ್ಟು.

ಪದ್ಮಜಾ


ಮೋಟೆಬೆನ್ನೂರು
೯ ಮೇ ೨೦೨೫

ಪದ್ಮಜಾ ಅವರೇ,

ನಿಮ್ಮ ಕಾಗದ ಏಪ್ರಿಲ್ ಇಪ್ಪತ್ತೆಂಟಕ್ಕೆ ತಲುಪಿತು. ಭರಮವ್ವ ಇಪ್ಪತ್ತೈದಕ್ಕೆ ಗುತ್ತಲದಲ್ಲಿ ತೀರಿಕೊಂಡಿದ್ದಳು. ಕಲ್ಚರಿನ ಉತ್ತರ ಮೂವತ್ತಕ್ಕೆ ಬಂತು. ಯಂತ್ರ ಹೇಳಿದ್ದನ್ನೇ ಅದೂ ಹೇಳಿತು.

ಎರಡೂ ಕಾಗದ ಹಿಡಿದು ಡಾಕ್ಟರ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, ಹತ್ತೊಂಬತ್ತು ಯಾರೆಂದು ಹೇಳಿದೆ. ಅವರು ಎರಡೂ ಕಾಗದ ಓದಿದರು. ಆಮೇಲೆ, "ನೀವು ಹೇಳಬೇಕಿತ್ರಿ" ಎಂದರು. ಕಾಗದ ಮಡಿಸಿಟ್ಟು, "ನಾನೂ ಕೇಳಬೇಕಿತ್ತು. ಎರಡ ತಿಂಗಳಿಂದ ನಿಮ್ಮ ಕೆಮ್ಮು ಈ ಗ್ವಾಡಿ ಆಚೆಯಿಂದ ಕೇಳಾಕತ್ತೇನಿ" ಎಂದರು.

ನನಗೂ ಕೈಸರಳಿಗೂ ಬದಲಿ ಔಷಧಿ ಶುರುವಾಗಿದೆ. ಎರಡು ತಿಂಗಳು ಮನೆಯಲ್ಲಿರಬೇಕು. ತಾಯಿಗೆ ಹೇಳಿದೆ. ಹೊರಗೆ ಮಲಗಿದ ಮೊದಲ ದಿನವೇ ತನಗೆ ಗೊತ್ತಾಗಿತ್ತು ಎಂದಳು. ಆಕೆಯನ್ನೂ ಪರೀಕ್ಷಿಸಿದ್ದಾರೆ, ಏನೂ ಇಲ್ಲ.

ಡಾಕ್ಟರೇ ಶೆಡ್ಡಿಗೆ ಹೋಗಿ ಎಲ್ಲರ ಕಫ ತೆಗೆಸಿದರಂತೆ. ಮೆಹನಾಜ ಎಂಬ ಹೊಸ ಹುಡುಗಿಗೆ ನಾನು ಫೋನಿನಲ್ಲಿ ಹೇಳಿಕೊಡುತ್ತ ಯಂತ್ರ ಓಡಿಸಿದೆವು. ಮೂವತ್ತೆಂಟು ಜನರಲ್ಲಿ ಇನ್ನೂ ನಾಲ್ವರಿಗಿದೆ. ನಾಲ್ವರದೂ ಅದೇ ಕ್ರಿಮಿ. ಶೆಡ್ಡಿನ ಮಾಲೀಕ ಮೊದಲು ಜಗಳಕ್ಕೆ ಬಂದವನು ಆಮೇಲೆ ತಾನೇ ಕಿಟಕಿಗಳ ತಗಡು ಕಿತ್ತಿಸಿದ. ಧೂಳು ಈಗ ಬೀದಿಗೆ ಬರುತ್ತದೆಂದು ಅಕ್ಕಪಕ್ಕದವರು ಬೈಯುತ್ತಿದ್ದಾರೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೂ ಇದೆ. ಮಾರ್ಚಿನಲ್ಲಿ ನಾನು ಹೇಳಿದ್ದರೆ ಡಾಕ್ಟರ್ ಒಂದು ತಿಂಗಳು ಮೊದಲೇ ನಂಬುತ್ತಿದ್ದರೇನೋ. ಗುತ್ತಲಕ್ಕೆ ಹೋಗಿ ಶಿಲ್ಪಾಳಿಗೆ ಇದನ್ನೆಲ್ಲಾ ಹೇಳಬೇಕು. ನನಗೆ ಹೊರಗೆ ಹೋಗುವ ಹಾಗಿಲ್ಲ. ಹೋಗುವ ಹಾಗಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಫರ್ಹಾನಾ


ರಾಣೆಬೆನ್ನೂರು ರೈಲು ನಿಲ್ದಾಣ
೧೨ ಜೂನ್ ೨೦೨೫

ಫರ್ಹಾನಾ,

ನಿನ್ನೆ ನಿಮ್ಮ ಅಂಗಳದಲ್ಲಿ ಕೂತು ಚಹಾ ಕುಡಿಯುವಾಗ ಗುತ್ತಲದ ಮಾತು ಎತ್ತಲಿಲ್ಲ. ನಿಮ್ಮ ತಾಯಿ ಎದುರಿಗಿದ್ದರು, ನೀವೂ ಕೇಳಲಿಲ್ಲ. ರೈಲಿಗೆ ಇನ್ನೂ ಎರಡು ತಾಸಿದೆ. ಇಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಸೋಮವಾರ ಗುತ್ತಲಕ್ಕೆ ಹೋದೆ. ಶಿಲ್ಪಾ ಮನೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಬ್ಯಾಡಗಿಯ ಯಂತ್ರ ಮಾಡಿದವಳು ಎಂದು ಹೇಳಿದೆ. ಒಳಗೆ ಕರೆದು ಚಾಪೆ ಹಾಕಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಅದು ಯಾವುದೂ ಬಾಯಿಗೆ ಬರಲಿಲ್ಲ. ನೇರವಾಗಿ ಹೇಳಿದೆ. ಫೆಬ್ರುವರಿಯಲ್ಲಿ ಯಂತ್ರ ಸರಿಯಾದ ಉತ್ತರ ಕೊಟ್ಟಿತ್ತು, ಫರ್ಹಾನಾ ನನ್ನಿಂದ ಒಂದು ಕಾಗದ ಕೇಳಿದ್ದರು, ನಾನು ಕೊಡಲಿಲ್ಲ ಎಂದೆ. ನಿಮ್ಮ ಪಾಲಿನದನ್ನು ನಾನು ಹೇಳಲಿಲ್ಲ. ಅದು ನಿಮ್ಮದು.

ಅವಳು ಕೇಳಿದಳು: "ಆವಾಗ ಔಷಧ ಬದಲಿ ಮಾಡಿದ್ರ ಅವ್ವ ಉಳೀತಿದ್ಲೇನ್ರಿ?"

ಗೊತ್ತಿಲ್ಲ ಎಂದೆ. ಉಳಿಯುತ್ತಿದ್ದಿರಬಹುದು ಎಂದೆ.

ಅವಳು ಎದ್ದು ಅಡಿಗೆಮನೆಗೆ ಹೋದಳು. ಮಗು ನನ್ನ ಚೀಲದ ಜಿಪ್ಪನ್ನು ತೆಗೆಯುತ್ತ, ಹಾಕುತ್ತ ಕೂತಿತ್ತು. ಒಳಗಿನಿಂದ ಕೆಮ್ಮು ಕೇಳಿತು. ಮೊದಲು ಅಳುತ್ತಿದ್ದಾಳೆಂದುಕೊಂಡೆ. ಆಮೇಲೆ ಆ ಕೆಮ್ಮನ್ನೇ ಕಿವಿಗೊಟ್ಟು ಕೇಳಿದೆ.

ಆಚೆ ಬಂದಾಗ ಕಫ ಕೊಡುತ್ತೀಯಾ ಎಂದು ಕೇಳಿದೆ. ಅವಳು ಒಲ್ಲೆ ಎಂದರೆ ಬಲವಂತ ಮಾಡುವ ಯಾವ ಹಕ್ಕೂ ನನಗಿರಲಿಲ್ಲ. ಅವಳು ಮಗುವನ್ನು ನೋಡಿದಳು. "ನಾಳೆ ಮುಂಜಾನೆ ಬ್ಯಾಡಗಿಗೆ ನಾನ ಬರ್ತೇನಿ" ಎಂದಳು.

ಮಂಗಳವಾರ ಎಂಟಕ್ಕೇ ಬಂದಳು. ಮೆಹನಾಜ ಮಾದರಿ ತಯಾರಿಸಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ನಾನು ಕಟ್ಟಿದ ಯಂತ್ರ ಒಬ್ಬರ ಕಫ ಓದುವಾಗ ಅವರೇ ಹೊರಗಿನ ಬೆಂಚಿನ ಮೇಲೆ ಕೂತಿರುವುದು ನನಗೆ ಇದೇ ಮೊದಲು. ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು. ಇದೆ, ಅದೇ ಕ್ರಿಮಿ. ಡಾಕ್ಟರ್ ಜಿಲ್ಲೆಗೆ ಫೋನು ಮಾಡಿ ಮಾತಾಡಿ, ಸಂಜೆಯೊಳಗೆ ಸರಿಯಾದ ಔಷಧಿಯನ್ನೇ ಕೊಟ್ಟರು. ಮಗುವಿನ ಎದೆಯ ಚಿತ್ರ ತೆಗೆಸಿದರು. ಅದಕ್ಕೆ ಏನೂ ಇಲ್ಲ, ಕಣ್ಣಿಟ್ಟಿರುತ್ತಾರೆ.

ಬಸ್ಸಿನವರೆಗೆ ಜೊತೆಗೆ ಹೋದೆ. ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದಲೇ, ಎಷ್ಟು ತಿಂಗಳು ಎಂದು ಕೇಳಿದಳು. ಆರು ಎಂದೆ. ಬೆರಳು ಮಡಿಸಿ ಲೆಕ್ಕ ಹಾಕಿ, ಸಂಕ್ರಾಂತಿಗೆ ಮೊದಲೇ ಮುಗಿಯುತ್ತದೆ ಎಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಗುತ್ತಲದ ಬಸ್ಸು ಬಂದಾಗ ಜನ ನುಗ್ಗಿದರು. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಮೇಲೆ ಹತ್ತಿದಳು, ಒಳಗೆ ಜಾಗ ಹಿಡಿದಳು, ಆಮೇಲೆ ಕಿಟಕಿಯಿಂದ ಎರಡೂ ಕೈ ಚಾಚಿದಳು. ನಾನು ಮಗುವನ್ನು ಎತ್ತಿ ಕೊಟ್ಟೆ.

ಪದ್ಮಜಾ